ನೀರಿನ ಟ್ಯೂಬಿನಲ್ಲಿ ಸಿಕ್ಕಿದ್ದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಟ್ಯೂಬಕ್ಕ ಕೈಗವಸು ಎಳೆದುಕೊಳ್ಳುತ್ತಿದ್ದಾರೆ. ರೋಗಿಗಳ ರಕ್ತದಿಂದ ಡಿಎನ್‌ಎ ಬೇರ್ಪಡಿಸುವ ಟೆಕ್ನೀಷಿಯನ್ ಇವರು. ಹೆಸರು ಹಿಡಿದು ಕರೆಯುವವರು ಇಲ್ಲಿ ಯಾರೂ ಇಲ್ಲ, ಎಲ್ಲರಿಗೂ ಟ್ಯೂಬಕ್ಕನೇ. ಬೆಂಚು ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ಇದು ಶಿಸ್ತಲ್ಲ, ಭಯ," ಎಂದು, ನೋಡಲು ಬಂದ ನನ್ನಿಂದ ಮುಖ ತಿರುಗಿಸುತ್ತಾರೆ.

ಅವರು ಹುಡುಕುವುದು ತೀರಾ ಸಣ್ಣದೊಂದು ತಪ್ಪು. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳಿವೆ. ಅವಕ್ಕೆ ತಮ್ಮದೇ ಒಂದಿಷ್ಟು ಜೀನ್‌ಗಳು. ಅವುಗಳಲ್ಲಿ ಕೆಲವು, ಟಿಆರ್‌ಎನ್‌ಎ ಎಂಬ ಹಮಾಲರನ್ನು ಹುಟ್ಟಿಸುತ್ತವೆ. ಪ್ರೋಟೀನು ಕಟ್ಟುವ ಜಾಗಕ್ಕೆ ಸಾಮಾನು ಹೊತ್ತು ತರುವುದು ಇವರ ಪಾಡು. "ನನ್ನ ಹಾಗೇನೇ. ಕೆಲಸ ಕೆಡೋ ತನಕ ಯಾರೂ ಮೂಸಿ ನೋಡಲ್ಲ," ಎನ್ನುತ್ತಾರೆ ಟ್ಯೂಬಕ್ಕ. ಅಂಥ ಜೀನಿನಲ್ಲಿ ಒಂದಕ್ಷರ ಬದಲಾದರೂ ಒಬ್ಬರಿಗೆ ಕಿವಿ ಮಂದವಾಗಿ ಸಕ್ಕರೆ ಕಾಯಿಲೆ ಬರಬಹುದು, ಇನ್ನೊಬ್ಬರಿಗೆ ಎಳೆಯ ವಯಸ್ಸಿನಲ್ಲೇ ಪಾರ್ಶ್ವವಾಯುವಿನಂಥ ಹೊಡೆತ ಬೀಳಬಹುದು. ಮಕ್ಕಳಿಗೆ ದಾಟುವುದು ತಾಯಿಯಿಂದಲೇ.

ಒಟ್ಟಿಗೆ ಪರೀಕ್ಷಿಸುವ ಟ್ಯೂಬುಗಳ ಪ್ರತಿ ಸರದಿಯಲ್ಲೂ, ಹೊರಗಿನದೇನೂ ಬೆರೆತಿಲ್ಲವೆಂದು ಖಾತ್ರಿಗೆ, ಬರೀ ನೀರು ಹಾಕಿದ ಟ್ಯೂಬೊಂದನ್ನು ಇಡುತ್ತಾರೆ. ಅದರಲ್ಲಿ ಡಿಎನ್‌ಎ ಕಂಡರೆ ಕೆಲಸ ಮಾಡಿದವರದೇ ಬೆರೆತಿರಬಹುದು. ಹೋದ ವಾರ ಕೆಲಸದ ನಡುವೆ ಅಮ್ಮನ ಫೋನ್ ಬಂತು. ಅಮ್ಮನಿಗೆ ಕಿವಿ ಅಷ್ಟಕ್ಕಷ್ಟೆ. ಟ್ಯೂಬಕ್ಕ ಮಾಸ್ಕ್ ಕೆಳಗೆಳೆದು, ಬಾಯಿ ತೆರೆದ ಟ್ಯೂಬುಗಳ ಮುಂದೆಯೇ ಗಂಟಲು ಹರಿಯುವಂತೆ ಕೂಗಿದರು: "ಅಮ್ಮಾ, ಶುಗರ್ ಮಾತ್ರೆ ನುಂಗಿದ್ಯಾ?"

ಮರುದಿನ ನೀರಿನ ಟ್ಯೂಬಿನಲ್ಲಿ ಡಿಎನ್‌ಎ ಇತ್ತು. ಅದರಲ್ಲಿ, ಅವರು ಹುಡುಕುವ ಅದೇ ಒಂದಕ್ಷರದ ತಪ್ಪು. ಆ ಸರದಿಯ ರೋಗಿಗಳಲ್ಲಿ ಯಾರಿಗೂ ಅದಿರಲಿಲ್ಲ, ಆ ಬೆಂಚಿಗೆ ಬೇರೆ ಯಾರೂ ಕೈ ಹಚ್ಚಿರಲಿಲ್ಲ.

ಮುಖ್ಯಸ್ಥೆ ಡಾಕ್ಟರಮ್ಮ ಬಯ್ಯಲಿಲ್ಲ. "ನಿಮ್ಮದೂ ಸ್ಯಾಂಪಲ್ ಕೊಟ್ಬಿಡಿ. ಮಗಳದ್ದೂ," ಎಂದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಟ್ಯೂಬಕ್ಕನಿಗೆ.

ಹೈಸ್ಕೂಲಿನ ಮಗಳು ಈಚೆಗೆ ಮೆಟ್ಟಿಲು ಹತ್ತಿದರೆ ಸುಸ್ತು ಎನ್ನುತ್ತಾಳೆ. ಸೋಮಾರಿ ಎಂದು ಗದರಿದ್ದು ಈಗ ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತದೆ. ಇವತ್ತು ತಾಯಿ ಮಗಳ ಟ್ಯೂಬುಗಳು ಪಕ್ಕದ ಕೋಣೆಯಲ್ಲಿವೆ. ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದಾರೆ, ಟ್ಯೂಬಕ್ಕ ಅತ್ತ ಸುಳಿಯುವುದೂ ಇಲ್ಲ, ತಮ್ಮ ಉಸಿರೇ ತಾಗೀತೆಂಬ ಹೆದರಿಕೆ.

"ನನ್ನಲ್ಲಿದ್ರೆ ಅವಳಿಗೂ ಬಂದಿರುತ್ತೆ ಕಣ್ರೀ. ತಪ್ಪಿರೋ ಮೈಟೊಕಾಂಡ್ರಿಯ ಎಷ್ಟು ಬಂದಿವೆ ಅನ್ನೋದರ ಮೇಲೆ ಎಲ್ಲ. ಕಮ್ಮಿ ಇದ್ರೆ ಏನೂ ಆಗದೇ ಇರಬಹುದು," ಎನ್ನುತ್ತಾ ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಳ್ಳುತ್ತಾರೆ. "ಅವಳಿಗೆ ಏನು ಕೊಡೋವಾಗ್ಲೂ ನಾನು ಕೈ ಬಿಗಿ ಹಿಡಿದವಳಲ್ಲ. ಇದೊಂದನ್ನ ಮಾತ್ರ ಜಿಪುಣಿ ಥರ ಕೊಟ್ಟಿರ್ಲಿ."