ಮಾವ ಆರಿಸಿದ ರೈಫಲ್

ನನ್ನ ಮಾವನ ಮುಖದಲ್ಲಿ ಸುಕ್ಕುಗಳೆಲ್ಲ ಎಡಗಡೆಯೇ ಇದ್ದವು. ಬಲಗಣ್ಣಿನ ಸುತ್ತ ಚರ್ಮ ನುಣ್ಣಗಿತ್ತು; ಎಡಗಣ್ಣಿನ ಸುತ್ತ ಮಾತ್ರ ಒಣಗಿದ ಕೆರೆಯ ತಳದ ಹಾಗೆ ಗೆರೆ ಬಿದ್ದಿದ್ದವು. ಐವತ್ತು ವರ್ಷ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗುರಿ ನೋಡಿದವನ ಮುಖ ಅದು. ಫೋಟೋ ತೆಗೆಯುವಾಗಲೂ ಆ ಕಣ್ಣು ತಾನಾಗಿ ಕಿರಿದಾಗುತ್ತಿತ್ತು. "ಮದುವಿ ಫೋಟೋದಾಗ ಸೈತ ಕಣ್ಣು ಹೊಡದಂಗ ನಿಂತಾರ ನೋಡ್ರಿ" ಎಂದು ಅವನ ಹೆಂಡತಿ, ನನ್ನ ಅತ್ತೆ, ಮನೆಗೆ ಬಂದವರಿಗೆಲ್ಲ ಆಲ್ಬಂ ತೋರಿಸಿ ನಗುತ್ತಿದ್ದಳು.

ಅವನು ನನ್ನ ಅವ್ವನ ಅಣ್ಣ. ಸಂಡೂರಿನ ಒಂದು ಗಣಿಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತನಾದ ಮೇಲೆ ಹೊಸಪೇಟೆಗೆ ಬಂದು ಮನೆ ಮಾಡಿದ. ಕಂಪ್ಲಿಯಿಂದ ಮರಿಯಮ್ಮನಹಳ್ಳಿಯವರೆಗೆ ಬಂದೂಕಿನ ಲೈಸೆನ್ಸ್ ಇದ್ದ ರೈತರಿಗೆಲ್ಲ ಅವನ ಪರಿಚಯವಿತ್ತು. ಬೆಳೆಗೆ ನುಗ್ಗುವ ಕಾಡುಹಂದಿಯ ಕಾಟ ತಾಳಲಾರದೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಯಾರಾದರೂ ರೈಫಲ್ ಕೊಳ್ಳಲು ಹೊರಟರೆ ಮೊದಲು ಮಾವನ ಮನೆಗೆ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಅವನ ಮನೆಯ ಕಟ್ಟೆಯ ಮೇಲೆ ಇಬ್ಬರಾದರೂ ಕುಳಿತಿರಲೇಬೇಕು. ಅವರ ಜೊತೆ ಬಂದೂಕಿನ ಅಂಗಡಿಗೆ ಹೋಗಿ ರೈಫಲ್ ಆರಿಸಿಕೊಡುವುದು ಮಾವನ ಕೆಲಸ. ಕೂಲಿ ಎಂದರೆ ಒಂದು ಚಹಾ, ಮಿರ್ಚಿ ಬಿಸಿ ಇದ್ದರೆ ಒಂದು ಮಿರ್ಚಿ.

ಅವನು ಒಳಗೆ ಕಾಲಿಟ್ಟರೆ ಅಂಗಡಿಯವರ ಮುಖ ಸಣ್ಣಗಾಗುತ್ತಿತ್ತು. ಒಂದೇ ಕಾರ್ಖಾನೆಯ, ಒಂದೇ ತರಹದ ಮೂರು ರೈಫಲ್ ಮೇಜಿನ ಮೇಲೆ ಇಡಿಸುತ್ತಿದ್ದ. ಕೊಳ್ಳುವವನ ಕಣ್ಣು ಮರದ ಹೊಳಪಿನ ಮೇಲಿದ್ದರೆ, ಮಾವ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದ. ಕಾಗದದ ಚೂರೊಂದನ್ನು ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿ, ಅದು ತಡೆಯಿಲ್ಲದೆ ಸರಿಯುತ್ತದೆಯೇ ನೋಡುತ್ತಿದ್ದ. ಮರ ಒತ್ತಿದರೆ ನಳಿಗೆ ಕಾದಾಗ ಗುಂಡು ಅಡ್ಡ ಹೋಗುತ್ತದೆ ಎನ್ನುತ್ತಿದ್ದ. ಆಮೇಲೆ ಖಾಲಿ ರೈಫಲ್ಲಿನ ಟ್ರಿಗರ್ ಮೆಲ್ಲಗೆ ಎಳೆದು, ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಮೂರೂ ಒಂದೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಸಿಟ್ಟು ಬರುತ್ತಿತ್ತು. "ಒಂದಾ ಅವ್ವನ ಹೊಟ್ಯಾಗ ಹುಟ್ಟಿದ ಮೂರು ಮಂದಿ ಒಂದಾ ಥರ ಇರ್ತಾರೇನ್ರಿ?"

ಕೊಂಡ ಮೇಲೂ ಅವನ ಕೆಲಸ ಮುಗಿಯುತ್ತಿರಲಿಲ್ಲ. ಪೊಲೀಸರಿಗೆ ತಿಳಿಸಿ, ಕೈಬಿಟ್ಟ ಕಲ್ಲಿನ ಕ್ವಾರಿಗೆ ಹೋಗಿ, ಮರಳಿನ ಚೀಲದ ಮೇಲೆ ರೈಫಲ್ ಊರಿ, ನೂರು ಗಜ ಆಚೆಯ ಕಾಗದಕ್ಕೆ ಐದು ಗುಂಡು ಹೊಡೆಸುತ್ತಿದ್ದ. ಐದೂ ತೂತು ಅಂಗೈಯಲ್ಲಿ ಮುಚ್ಚಿದರೆ ಮಾತ್ರ ರೈಫಲ್ ಪಾಸು. ಪಾಸಾದ ಮೇಲೆ ನಳಿಗೆಯ ತುದಿಯ ಗುರಿಮೊನೆಗೂ ಅದು ಕುಳಿತ ಕಬ್ಬಿಣಕ್ಕೂ ಸೇರಿಸಿ ಸಣ್ಣ ಉಳಿಯಿಂದ ಒಂದು ಗೆರೆ ಕೊರೆಯುತ್ತಿದ್ದ. "ಈ ಗೆರಿ ಎರಡು ತುಂಡಾಗಿ ಕಂಡ್ರ ಗುರಿ ಸರದೈತಿ ಅಂತ ತಿಳ್ಕೋ. ಮೊದ್ಲು ನನ್ನ ಹತ್ರ ತಾ, ಆಮ್ಯಾಲೆ ಹೊಲಕ್ಕ ಹೋಗು" ಎನ್ನುತ್ತಿದ್ದ.

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಆಗ ಹೇಳಿದ. ಬೇಟೆಗೆ ನಿಷೇಧ ಬರುವ ಮೊದಲು, ಅವನಿಗಿನ್ನೂ ಮೀಸೆ ಚಿಗುರುವ ವಯಸ್ಸು, ಸಂಡೂರಿನ ಗುಡ್ಡದಲ್ಲಿ ಜಿಂಕೆ ಹೊಡೆಯಲು ಬರುವ ದೊಡ್ಡವರಿಗೆ ದಾರಿ ತೋರಿಸುತ್ತಿದ್ದನಂತೆ. ಒಬ್ಬ ಸಾಹೇಬ ಹೊಚ್ಚ ಹೊಸ ರೈಫಲ್ ತಂದಿದ್ದ. ರೈಲಿನಲ್ಲಿ ಕುಲುಕಿ ಬಂದದ್ದು, ಒಮ್ಮೆ ಕಾಗದಕ್ಕೆ ಹೊಡೆದು ನೋಡೋಣ ಎಂದು ಮಾವ ಹೇಳಿದ. ಕಾರ್ಖಾನೆಯವರಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದು ಸಾಹೇಬ ನಕ್ಕ. ಎದೆಗೆ ಬೀಳಬೇಕಾದ ಗುಂಡು ಒಂದು ಹೆಣ್ಣು ಜಿಂಕೆಯ ಹಿಂಗಾಲಿಗೆ ಬಿತ್ತು. ಸಾಹೇಬ ಜೀಪು ಹತ್ತಿ ಹೋದ. ಮಾವ ರಕ್ತದ ಹನಿ ಹಿಡಿದು ಸಂಜೆಯವರೆಗೆ ನಡೆದ.

"ಅದು ಓಡಿದ ಒಂದೊಂದು ಹೆಜ್ಜಿನೂ ನಾ ನಡದೀನಿ ಅಳಿಯಾ" ಎಂದ. "ಕಡೀಗೆ ಒಂದ್ ಹಳ್ಳದ ದಂಡ್ಯಾಗ ಸಿಕ್ತು. ಜೀವ ಇತ್ತು. ನನ್ನ ನೋಡಿ ಏಳಾಕ್ ಹೋತು, ಆಗಲಿಲ್ಲ. ನಾನಾ ಮುಗಿಸಿದೆ."

ಅಲ್ಲಿಗೆ ಮಾವನ ಬೇಟೆ ಮುಗಿಯಿತು. ಹೊಡೆಯಲೇಬೇಕಾದವರು ಒಂದೇ ಗುಂಡಿಗೆ ಮುಗಿಸಲಿ, ಯಾವ ಜೀವವೂ ಅರ್ಧ ಸತ್ತು ಓಡದಿರಲಿ ಎಂಬುದಷ್ಟೇ ಉಳಿಯಿತು. ಅವನು ಆರಿಸಿಕೊಟ್ಟ ರೈಫಲ್ ಗುರಿ ತಪ್ಪಿತೆಂಬ ದೂರು ಒಂದೂ ಬರಲಿಲ್ಲ. ಮಾವನಿಗೆ ಇದ್ದ ಆಸ್ತಿ ಆ ಹೆಸರೊಂದೇ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನನ್ನ ರೈಫಲ್ಲೂ ಅವನೇ ಆರಿಸಿದ್ದು. ಕಂಪ್ಲಿಯ ಹೊಳೆದಂಡೆಯಲ್ಲಿ ನನಗೆ ಗದ್ದೆಯೂ ಬಾಳೆತೋಟವೂ ಇವೆ. ಅಳಿಯನದೆಂದು ಐದರ ಬದಲು ಹತ್ತು ಗುಂಡು ಹೊಡೆಸಿದ್ದ.

ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅಲ್ಲಿ ಒಂದು ಕೋಣೆಯಲ್ಲಿ ಒಂದರ ಮೇಲೊಂದು ಒರಗಿ ಎರಡು ತಿಂಗಳು ಬಿದ್ದಿರುತ್ತವೆ. ಬಿಡಿಸಿಕೊಂಡು ಬಂದ ದಿನವೇ ಕಾಗದಕ್ಕೆ ಮೂರು ಗುಂಡು ಹೊಡೆದು ನೋಡಬೇಕು, ಅದಾಗದೆ ರೈಫಲ್ ಹೊಲಕ್ಕೆ ಒಯ್ಯಬಾರದು. ಇದು ಮಾವನ ಕಟ್ಟಪ್ಪಣೆ. ಆ ವರ್ಷ ನಾನು ರೈಫಲ್ ಬಿಡಿಸಿಕೊಂಡು ಬಂದಾಗ ನಾಟಿಯ ಗಡಿಬಿಡಿ. ನಾಳೆ ನೋಡಿದರಾಯಿತು ಎಂದು ಅಟ್ಟದ ಮೇಲಿಟ್ಟೆ. ರೈಫಲ್ಲಿಗೆ ಸುತ್ತಿದ ಬಟ್ಟೆ ಬಿಚ್ಚಿ ಗೆರೆಯನ್ನು ಕೂಡ ನೋಡಲಿಲ್ಲ. ಸೋಮಾರಿತನ, ಬೇರೇನಲ್ಲ.

ಹತ್ತು ದಿನದ ಮೇಲೆ ಹಂದಿಗಳು ಬಾಳೆ ಬುಡ ಕಿತ್ತುಹಾಕಿದವು. ಮಾವ ನಮ್ಮ ಮನೆಗೆ ಬಂದಿದ್ದ. ಸಂಜೆ ಇಬ್ಬರೂ ತೋಟದ ಬದುವಿನ ಮೇಲೆ ಕುಳಿತೆವು. ಆಗ ಕೇಳಿದ.

"ಸ್ಟೇಷನ್‌ನಿಂದ ತಂದ ಮ್ಯಾಲೆ ಕಾಗದಕ್ಕ ಹೊಡದು ನೋಡೀಯಿಲ್ಲೋ?"

"ನೋಡೀನಿ ಮಾವ. ಮೂರೂ ಒಂದಾ ಕಡೆ ಬಿದ್ದಾವು."

ಬರೀ ಹೂಂ ಅಂದಿದ್ದರೂ ಸಾಕಿತ್ತು. ಮೂರೂ ಒಂದೇ ಕಡೆ ಬಿದ್ದವೆಂದು ಸೇರಿಸುವ ನಾಲಿಗೆ ಎಲ್ಲಿಂದ ಬಂತೋ. ಮಾವ ತೃಪ್ತಿಯಿಂದ ತಲೆಯಾಡಿಸಿದ.

ಬೆಳಕು ಇನ್ನೂ ಇತ್ತು. ಒಂಟಿ ಹಂದಿಯೊಂದು ಬಯಲಿಗೆ ಬಂತು. ಭುಜಕ್ಕೆ ಗುರಿಯಿಟ್ಟೆ, ಗುಂಡು ಹೊಟ್ಟೆಗೆ ಬಿತ್ತು. ಹಂದಿ ಕಿರುಚಿ ಪಕ್ಕದ ತೋಟಕ್ಕೆ ನುಗ್ಗಿತು. ಅಲ್ಲಿ ಬಾಳೆಎಲೆ ಕೊಯ್ದು ಹೊರೆ ಕಟ್ಟುತ್ತಿದ್ದ ಆಳಿನ ತೊಡೆ ಸೀಳಿ, ನಾಲ್ಕು ಮಾರು ಓಡಿ ಸತ್ತುಬಿತ್ತು. ಮಾವ ನನ್ನ ಕೈಯಿಂದ ರೈಫಲ್ ಇಸಿದುಕೊಂಡು ಉಳಿದ ಗುಂಡು ಹೊರತೆಗೆದ. ಆಗ ಅವನ ಕಣ್ಣು ಗುರಿಮೊನೆಯ ಮೇಲೆ ನಿಂತಿತು. ಗೆರೆ ಎರಡು ತುಂಡಾಗಿತ್ತು. ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಆಡಿಸಿದ. ನನ್ನನ್ನು ಒಮ್ಮೆ ನೋಡಿದ. ರೈಫಲ್ ನನ್ನ ಕೈಗಿಟ್ಟು ಆಳಿನ ಕಡೆಗೆ ಓಡಿದ.

ಆ ಮನುಷ್ಯ ಉಳಿದ, ಇವತ್ತಿಗೂ ಕುಂಟುತ್ತಾನೆ. ಮರುದಿನ ತೋಟದ ಮುಂದೆ ಜನ ಸೇರಿದರು, ಅರಣ್ಯದವರೂ ಬಂದರು. ಪರೀಕ್ಷಿಸದ ರೈಫಲ್ ತಂದವನೆಂದು ಗೊತ್ತಾದರೆ ನನ್ನ ಲೈಸೆನ್ಸ್ ಹೋಗುತ್ತಿತ್ತು, ಕೇಸೂ ಆಗುತ್ತಿತ್ತು. ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಹುಡುಗಂದು ಏನೂ ತಪ್ಪಿಲ್ರಿ. ರೈಫಲ್ ಆರಿಸಿದಾವ ನಾನು. ಅದರಾಗ ಐಬು ಇತ್ತು, ನನಗ ತಿಳೀಲಿಲ್ಲ. ವಯಸ್ಸಾತು."

ನಲವತ್ತೈದು ವರ್ಷದ ಹುಡುಗ ನಾನು. ಬಾಯಿ ಬಿಡಲಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅಂಗಡಿಯವರಿಗಂತೂ ಹಬ್ಬ. ಭಾನುವಾರ ಬರುವವರು ಕಡಿಮೆಯಾದರು, ಆಮೇಲೆ ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ಕೊಯ್ಲು, ಮಗಳ ಪರೀಕ್ಷೆ, ಮೋಟಾರು ಸುಟ್ಟದ್ದು ಎಂದು ಪ್ರತಿ ಸಲ ಒಂದು ನೆಪ ಸಿಗುತ್ತಿತ್ತು. ಫೋನಿನಲ್ಲಿ ಮಾವ ಮಳೆ ಬೆಳೆ ವಿಚಾರಿಸುತ್ತಿದ್ದ. "ಮತ್ತೇನ್ ಅಳಿಯಾ?" ಎಂದು ಪ್ರತಿ ಸಲ ಎರಡೆರಡು ಬಾರಿ ಕೇಳುತ್ತಿದ್ದ. ನಾನು ಮತ್ತೇನಿಲ್ಲ ಎನ್ನುತ್ತಿದ್ದೆ.

ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವನು ಹಾಗೇ ಗೋಡೆಗೆ ಒರಗಿದನಂತೆ. ಮಣ್ಣಿಗೆ ಬಂದಿದ್ದ ದರೋಜಿ ಕಡೆಯ ರೈತರೊಬ್ಬರು ನನ್ನ ಪಕ್ಕದಲ್ಲೇ ನಿಂತು ಇನ್ನೊಬ್ಬರಿಗೆ ಹೇಳಿದರು. "ಭಾಳ ಚಲೋ ಆರಸ್ತಿದ್ರು. ಕಡೀಗೆ ಒಂದಾ ಒಂದು ತಪ್ಪಿಬಿಡ್ತು, ಪಾಪ." ಕೈಯಲ್ಲಿ ಹಿಡಿಮಣ್ಣು ಇಟ್ಟುಕೊಂಡು ಅದನ್ನು ಕೇಳಿದೆ. ಆಗಲೂ ಬಾಯಿ ಬಿಡಲಿಲ್ಲ.

ಮಾವ ಆರಿಸಿದ ಆ ರೈಫಲ್ ಸರಿ ಇತ್ತು. ಗುರಿಮೊನೆ ತಿರುಗಿ ಕೂರಿಸಿ ಕಾಗದಕ್ಕೆ ಹೊಡೆದಿದ್ದೇನೆ; ಐದೂ ತೂತು ನನ್ನ ಅಂಗೈಯಲ್ಲಿ ಮುಚ್ಚುತ್ತವೆ. ತಪ್ಪಿದವನು ನಾನು, ಸುಳ್ಳು ಹೇಳಿದವನೂ ನಾನು. ಇದನ್ನು ಓದುವವರಲ್ಲಿ ಮಾವನನ್ನು ಬಲ್ಲವರಿದ್ದರೆ ಇಷ್ಟು ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ಬರೆಯುವ ಮೊದಲು ಅತ್ತೆಗೆ ಹೇಳಬೇಕಿತ್ತು. ಹೋದ ವಾರ ಹೊಸಪೇಟೆಗೆ ಹೋಗಿ, ಅವಳ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು.

"ಗೊತ್ತೈತಪ್ಪ. ಕಂಪ್ಲಿಯಿಂದ ಬಂದ ದಿನಾನಾ ಹೇಳಿದ್ರು. ಹೆದರ್ಯಾನ, ನಾಕ್ ದಿನ ಬಿಟ್ಟು ತಾನಾ ಬಂದು ಹೇಳ್ತಾನ, ಅಲ್ಲೀ ತನಕ ನೀ ಏನೂ ಕೇಳಬ್ಯಾಡ ಅಂದಿದ್ರು" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಂಪ್ಲಿ ಬಸ್ಸು ಬರೋ ಹೊತ್ತಿಗೆ ಚಹಾ ಒಂದ್ ಕಪ್ ಹೆಚ್ಚಿಗಿ ಇಡು ಅನ್ನೋರು. ದಿನಾ ಅನ್ನೋರು."

ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ.