ಗಾಜು ಗೀರೋ ಗೀರಪ್ಪ

ಸೂರ್ಯ ಇನ್ನೂ ಆಕಳಿಸ್ತಾ ಇದ್ದಾನೆ. ಲ್ಯಾಬಿನ ಕಿಟಕಿ ಮೇಲೆ ಬೆಳಕು ನೀರು ಬೆರೆಸಿದ ಹಾಲಿನ ಥರ ತೆಳ್ಳಗೆ ಹರೀತಿದೆ. ಅದರ ಕೆಳಗೆ ಗೀರಪ್ಪ ಒಂದು ಗುಂಡು ಸೀಸೆ ಹಿಡ್ಕೊಂಡು, ಗಾಜಿನ ಕಡ್ಡೀಲಿ ಅದರ ಒಳಮೈ ಗೀರ್ತಾ ಕೂತಿದ್ದಾನೆ. ಕಿರ್, ಕಿರ್. ಕೇಳಿದವರ ಹಲ್ಲೆಲ್ಲ ಉದುರಿ ಅಂಗೈಗೆ ಬರಬೇಕು. ಅವನಿಗೆ ಮಾತ್ರ ಅದು ಜೋಗುಳ.

ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿದೆ. ಕ್ಯಾನ್ಸರಿಗೆ ಮದ್ದಾದೀತು ಅಂತ ಹೊಸ ಹೊಸ ಪದಾರ್ಥ ಕುದಿಸಿ ಮಾಡೋದು ಅವನ ಕೆಲಸ. ಕುದಿಸಿದ್ದು ಮೊದಲು ಬರೀ ಅಂಟು ಎಣ್ಣೆ. ಅದು ಹರಳು ಕಟ್ಟಿದ್ರೆ ಬೆರೆತ ಕೊಳೆಯೆಲ್ಲ ನೀರಲ್ಲೇ ಉಳಿಯುತ್ತೆ. ಹರಳಾಗಲ್ಲ ಅಂತ ಹಠ ಹಿಡಿದ್ರೆ ಗಾಜು ಗೀರಬೇಕು, ಗೀರಿದ ಜಾಗಕ್ಕೇ ಮೊದಲ ಹರಳು ಬಂದು ಕೂರೋದು.

"ಬಸ್ಸಲ್ಲಿ ಸೀಟಿದ್ದಂಗೆ," ಅಂತಾನೆ. "ಒಬ್ಬ ಕೂತ್ರೆ ಸಾಕು, ಮಿಕ್ಕವರು ತಾವೇ ಬಂದು ಬೀಳ್ತಾರೆ."

ಆಸಿಡ್ ಹಾರಿ ಹಾರಿ ಅವನ ಅಂಗೀಲಿ ಬಟ್ಟೆಗಿಂತ ತೂತೇ ಜಾಸ್ತಿ, ಒಗೆಯೋಕೆ ಅರ್ಧ ಸೋಪು ಸಾಕು. ಇಷ್ಟು ವರ್ಷ ಮಾಡಿದ ಪುಡಿ ಒಟ್ಟು ಹಾಕಿದ್ರೆ ಬೆಟ್ಟ ಆಗುತ್ತೆ. ಆಯ್ತಪ್ಪ, ಒಂದು ಡಬ್ಬಿ ತುಂಬುತ್ತೆ. ಮದ್ದು ಮೊದಲು ಗಾಜಿನ ತಟ್ಟೇಲಿ ಸಾಕಿದ ಕ್ಯಾನ್ಸರ್ ಜೀವಕಣಗಳನ್ನ ಕೊಲ್ಲಬೇಕು, ಆಮೇಲೆ ಇಲಿಗೆ, ಎಷ್ಟೋ ವರ್ಷ ಆದಮೇಲೆ ಮನುಷ್ಯನಿಗೆ. ಗೀರಪ್ಪನ ಒಂದು ಪುಡೀನೂ ಇಲಿ ತನಕ ಹೋಗಿಲ್ಲ.

"ಬೇರೆಯವರ ಗಂಡಂದಿರಿಗೆ ಕಾರಿನ ಕನಸು," ಅಂತಾಳೆ ಹೆಂಡತಿ. "ನಮ್ಮವರಿಗೆ ಇಲಿ ಕನಸು. ಮನೇಲಿ ಕಾಫಿ ಲೋಟಾನೂ ಬಿಡಲ್ಲ, ಗೀರ್ತಾರೆ!"

ಈ ಸಲ ಆಸೆ ಇದೆ. ಹೋದ ತಿಂಗಳು ಅವನ ಒಂದು ಕಂದು ಪುಡಿ ತಟ್ಟೆಯ ಕಣಗಳನ್ನೆಲ್ಲ ಸಾಯಿಸಿಬಿಡ್ತು. "ಕೊಳೆ ತೊಳೆದು ಇನ್ನೊಂದು ಸಲ ನೋಡು. ಮತ್ತೆ ಕೊಂದ್ರೆ ಇಲಿಗೆ ಹಾಕೋಣ," ಅಂದ್ರು ಲ್ಯಾಬಿನ ದೊಡ್ಡವರು. ಅದಕ್ಕೇ ಈ ಗೀರಾಟ. ನೋಡ್ತಾ ನೋಡ್ತಾ ಸೀಸೆಯೊಳಗೆ ಮಂಜು ಬಿದ್ದಂಗೆ ಬೆಳ್ಳಗೆ ಹರಳು ಅರಳುತ್ತೆ. ಗೀರಪ್ಪ ಮಿಕ್ಕ ಕಂದು ನೀರನ್ನ ಬಾಟ್ಲಿಗೆ ಬಸಿದು ಪಕ್ಕಕ್ಕಿಡ್ತಾನೆ.

ಪಕ್ಕದ ಕೋಣೇಲಿ ಕ್ಯಾನ್ಸರ್ ಕಣ ಸಾಕೋ ಹೆಣ್ಣುಮಗಳಿದ್ದಾಳೆ. ಎಲ್ಲರೂ ಸಾಕಮ್ಮ ಅಂತಾನೇ ಕರೆಯೋದು. ಬೆಚ್ಚಗಿಟ್ಟು, ಗುಲಾಬಿ ಬಣ್ಣದ ಸಾರ ಉಣ್ಣಿಸಿ ಬೆಳೆಸ್ತಾಳೆ. ಹರಳು ಅವಳ ಕೈ ಸೇರುತ್ತೆ. ಎರಡು ದಿನ ಗೀರಪ್ಪ ನೆಲಕ್ಕೆ ಕಾಲೂರಿ ನಡೆಯೋದೇ ಇಲ್ಲ.

ಮೂರನೇ ಬೆಳಿಗ್ಗೆ ಸಾಕಮ್ಮ ಮೈಕ್ರೋಸ್ಕೋಪಿಂದ ಕಣ್ಣು ತೆಗೆಯದೆ ಅಂತಾಳೆ: "ಅಣ್ಣಾ, ಎಲ್ಲ ಚೆನ್ನಾಗಿದಾವೆ."

"ಯಾರು?"

"ನನ್ನ ಮಕ್ಕಳು. ಒಂದೂ ಸತ್ತಿಲ್ಲ. ಮೊದಲಿಗಿಂತ ದಪ್ಪ ಆಗಿದಾವೆ."

ಗೀರಪ್ಪ ಸ್ಟೂಲ್ ಎಳ್ಕೊಂಡು ತಾನೇ ಮೈಕ್ರೋಸ್ಕೋಪಿಗೆ ಕಣ್ಣಿಡ್ತಾನೆ. ತಟ್ಟೆಯೊಳಗೆ ಕಣಗಳು ಬೆಳದಿಂಗಳಲ್ಲಿ ಹಾಸಿದ ಬೆಣಚುಕಲ್ಲಿನ ಹಾಗೆ ಹಾಯಾಗಿ ಮಲಗಿವೆ. ಕಣ್ಣು ತೆಗೆದು ಕೇಳ್ತಾನೆ: "ಹಂಗಾದ್ರೆ ಹೋದ ತಿಂಗಳು ಕೊಂದಿದ್ದು ಯಾರು?"

"ನೀನು ತೊಳೆದೆಯಲ್ಲ, ಆ ಕೊಳೇನೇ ಇರಬೇಕು."

"ಅಯ್ಯೋ! ಚಿನ್ನ ತೊಳೆದು ಚೆಲ್ಲಿ ಮಣ್ಣು ಇಟ್ಕೊಂಡ್ನಾ ನಾನು?"

ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ, ಓಡ್ತಾನೆ. ತೊಳೆದ ಕಂದು ನೀರಿನ ಬಾಟ್ಲಿ ಸಿಂಕಿನ ಪಕ್ಕ ಇನ್ನೂ ಹಂಗೇ ಇದೆ, ಪುಣ್ಯಕ್ಕೆ ಯಾರೂ ಎಸೆದಿಲ್ಲ. ಎರಡೂ ಕೈಲಿ ಎತ್ತಿ ಬೆಳಕಿಗೆ ಹಿಡೀತಾನೆ, ಕೂಸು ಎತ್ತಿದಂಗೆ. ಅವನ ಮುಖವೆಲ್ಲ ಜೇನು ಬಣ್ಣ.

"ಅದರಲ್ಲಿ ಏನೇನು ಕಲೆತಿದೆಯೋ ಅಣ್ಣಾ. ಒಂದೊಂದಾಗಿ ಬೇರೆ ಮಾಡೋಷ್ಟರಲ್ಲಿ ವರ್ಷ ಆಗುತ್ತೆ," ಅಂತಾಳೆ ಬಾಗಿಲಲ್ಲಿ ನಿಂತ ಸಾಕಮ್ಮ.

"ಆಗಲಿ ಬಿಡು ತಂಗಿ," ಅಂತಾನೆ ಗೀರಪ್ಪ. "ನಿನ್ನ ಮಕ್ಕಳಿಗೆ ಹೊಟ್ಟೆ ತುಂಬ ಹಾಕ್ತಿರು. ನಾನು ಬರ್ತೀನಿ ಅಂತ ಹೇಳು."