ಬಸ್ ಸ್ಟ್ಯಾಂಡಿನ ಬೀಗ ಒಡೆದ ದಿನ

ನನ್ನ ಹೊಲಿಗೆ ಅಂಗಡಿ ಇರುವುದು ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿಗೆ. ತಾಳವಾಡಿ ಬೆಟ್ಟದ ಮೇಲಿನ ಊರುಗಳಲ್ಲಿ ನಮ್ಮದೂ ಒಂದು, ಆಡುವುದು ಕನ್ನಡ, ಸರ್ಕಾರ ತಮಿಳಿನದು. ನಾನು ಮದುವೆಯಾಗಿ ಬಂದಾಗ ಸ್ಟ್ಯಾಂಡಿನ ಹಿಂದೆ ಬರೀ ರಾಗಿ ಹೊಲ, ಅದರಂಚಿಗೆ ಆಳೆತ್ತರದ ಕಳ್ಳಿಬೇಲಿ ಇತ್ತು. ಈಗ ಆ ಹೊಲವೆಲ್ಲ ಸೈಟುಗಳಾಗಿ ಹೊಸ ಬಡಾವಣೆ ಎದ್ದಿದೆ. ನಮ್ಮ ಮನೆಯೂ ಅಲ್ಲೇ. ಸಿಮೆಂಟ್ ರಸ್ತೆ ಬಂತು, ಬೀದಿದೀಪ ಬಂತು, ಕಸದ ಗಾಡಿ ಬಂತು. ಬೇಲಿ ಹೋಯಿತು. ಅದು ಹೋದದ್ದು ಗಂಡಸರ ಗಮನಕ್ಕೇ ಬರಲಿಲ್ಲ. ಸುತ್ತಲ ಹಳ್ಳಿಗಳಿಂದ ತರಕಾರಿ ಹೊತ್ತು ಬರುವ ಹೆಂಗಸರಿಗೆ ಇದ್ದದ್ದು ಆ ಮರೆಯೊಂದೇ.

ನಮ್ಮತ್ತೆಯೂ ಆ ಹೆಂಗಸರಲ್ಲಿ ಒಬ್ಬರು. ನಮ್ಮ ಹೊಲದ ಬೀನ್ಸು, ಸೊಪ್ಪು ತಂದು ಸ್ಟ್ಯಾಂಡಿನ ಹೊಂಗೆಮರದ ಕೆಳಗೆ ಕೂತರೆ ಏಳುತ್ತಿದ್ದದ್ದು ಬಿಸಿಲು ಇಳಿದ ಮೇಲೆ. ಅಲ್ಲಿಯವರೆಗೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಉರಿಮೂತ್ರವಾಗಿ, ಜ್ವರ ಬಂದು ಮಲಗಿಬಿಟ್ಟರು. ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ಗೊಣಗಿದರು.

“ನೀರ್ ಕುಡಿ, ನೀರ್ ಕುಡಿ ಅಂತವ್ರೆ ಡಾಕ್ಟ್ರು. ಕುಡುದ್ಬುಟ್ಟು ಎಲ್ಲಿಗೋಗ್ಲಿ ಕಣವ್ವ?”

ಹೋಗಲು ಜಾಗ ಇರಲಿಲ್ಲವೆಂದಲ್ಲ. ಸ್ಟ್ಯಾಂಡಿನ ಮೂಲೆಯಲ್ಲಿ ಪಂಚಾಯಿತಿಯವರು ಹೆಂಗಸರಿಗೆಂದು ಚಂದದ ಶೌಚಾಲಯ ಕಟ್ಟಿಸಿದ್ದರು. ಗುಲಾಬಿ ಬಣ್ಣ ಬಳಿದು, ತಮಿಳಿನಲ್ಲೂ ಕನ್ನಡದಲ್ಲೂ ಬರೆಸಿದ್ದರು. ಬರೆದವನು ಘಟ್ಟದ ಕೆಳಗಿನ ತಮಿಳು ಸೀಮೆಯವನಿರಬೇಕು, ಕನ್ನಡದಲ್ಲಿ ಸೊನ್ನೆ ಬಿಟ್ಟುಹೋಗಿ ‘ಹೆಗಸರು’ ಎಂದಾಗಿತ್ತು. ರಿಬ್ಬನ್ ಕತ್ತರಿಸಿ, ಲಾಡು ಹಂಚಿ, ಅವತ್ತು ಸಂಜೆಯೇ ಬೀಗ ಹಾಕಿದವರು ಮತ್ತೆ ತೆಗೆದಿರಲಿಲ್ಲ. ಆಫೀಸಿನಲ್ಲಿ ಕೇಳಿದೆ. “ನೀರಿಲ್ದೆ ಎಂಗವ್ವ ತಗಿಯದು?” ಎಂದರು. ನೀರು ಬಿಡುವ ನೀರಗಂಟಿಯನ್ನು ಕೇಳಿದೆ. “ಬೀಗ ಆಕಿರೋ ಕಟ್ಟಡಕ್ಕೆ ನೀರ್ಯಾಕಕ್ಕ?” ಎಂದ. ಇಬ್ಬರ ಮಾತೂ ಸರಿಯಾಗಿಯೇ ಇತ್ತು!

ಹೀಗಿರುವಾಗ ಗ್ರಾಮಸಭೆ ಬಂತು. ಎದ್ದು ಓಡಾಡುವಂತಾಗಿದ್ದ ಅತ್ತೆ ತಾವೂ ಬರುತ್ತೇನೆಂದರು. ತರಕಾರಿ ಹೆಂಗಸರನ್ನೂ ಕೂಡಿಸಿಕೊಂಡು ಹೋದೆವು. ಗಂಡಸರು ಮುಂದಿನ ಕುರ್ಚಿಗಳಲ್ಲಿ, ನಾವು ಹಿಂದೆ ಜಮಖಾನದ ಮೇಲೆ. ಬೆಟ್ಟ ಹತ್ತಿ ಬಂದಿದ್ದ ಅಧಿಕಾರಿ ಒಬ್ಬ ಹೆಂಗಸು, ಇನ್ನೂ ಚಿಕ್ಕ ವಯಸ್ಸು, ಕನ್ನಡ ಬಾರದು. ತಲೈವರು, ಅಂದರೆ ನಮ್ಮ ಪಂಚಾಯಿತಿ ಅಧ್ಯಕ್ಷರು, ಅವರ ಪಕ್ಕದಲ್ಲಿ ಕೂತು ಗುಮಾಸ್ತನಿಂದ ಕೆರೆ, ರಸ್ತೆ, ಚರಂಡಿ ಎಂದು ಓದಿಸುತ್ತ ಹೋದರು. ಹೊತ್ತು ಏರಿತು.

ಅತ್ತೆ ಓದುವುದನ್ನು ಕೇಳುತ್ತಿರಲಿಲ್ಲ, ಗಂಡಸರನ್ನೇ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಎದ್ದು ಪಂಚಾಯಿತಿ ಕಟ್ಟಡದ ಹಿಂದಿನ ಗೋಡೆಯ ಕಡೆ ಹೋಗಿ, ಪಂಚೆ ಸರಿ ಮಾಡಿಕೊಳ್ಳುತ್ತ ವಾಪಸು ಬರುತ್ತಿದ್ದರು. ತಲೈವರೂ ಹೋಗಿ ಬಂದು ಇನ್ನೇನು ಕೂರಬೇಕು, ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

“ತಲೈವರೇ, ವಸಿ ಇರಿ. ಈಗೆಲ್ಲಿಗೋಗಿದ್ರಿ?”

ತಲೈವರು ತಡವರಿಸಿದರು. “ಅದೇನಜ್ಜಿ ಅಂಗ್ ಕೇಳ್ತೀಯ, ಸಭೇಲಿ?”

“ಸಭೇಲೇ ಕೇಳ್ಬೇಕು. ನೀವೂ ಓಗ್ ಬಂದ್ರಿ, ಅಗೋ ಅವ್ನೂ ಓಗ್ ಬಂದ. ನಾವೂ ಒತ್ತಾರಿಂದ ಕುಂತೀವಿ. ನಾವೆಲ್ಲಿಗ್ ಓಗವು? ಅದ್ನೊಂದ್ ಏಳ್ಬುಡಿ, ನಾನು ಕೂತ್ಕತೀನಿ.”

ಯಾರೋ ಕಿಸಕ್ಕೆಂದರು. ಹಿಂದಿನಿಂದ ಹೆಂಗಸರ ನಗು ಎದ್ದಿತು, ಅದು ಬೇರೆ ತರದ ನಗು. ಅಧಿಕಾರಿ ಏನೆಂದು ಕೇಳಿದರು. ತಲೈವರು “ಏನೂ ಇಲ್ಲಮ್ಮ, ಅಜ್ಜಿ ಸುಮ್ನೆ…” ಎಂದು ತಮಿಳಿನಲ್ಲಿ ಶುರು ಮಾಡುತ್ತಿದ್ದಂತೆ ನಾನು ಎದ್ದೆ. ಅತ್ತೆಯ ಮಾತನ್ನು ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ಬೀಗದ ಕಥೆ, ನೀರಿನ ಕಥೆ, ಅತ್ತೆಯ ಜ್ವರ ಎಲ್ಲವನ್ನೂ ಹೇಳಿದೆ.

ಅಧಿಕಾರಿ ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ಮುಟ್ಟಿ ತೋರಿಸಿದರು. ಅದರ ಮುಚ್ಚಳವನ್ನೇ ತೆಗೆದಿರಲಿಲ್ಲ. ಬೆಟ್ಟದ ಊರುಗಳಿಗೆ ಬರುವ ದಿನ ತಾನೂ ನೀರು ಕುಡಿಯುವುದಿಲ್ಲ ಎಂದರು. ಆಮೇಲೆ “ವಾಂಗ, ಪೋಯ್ ಪಾಕಲಾಂ” ಎಂದು ಎದ್ದೇಬಿಟ್ಟರು. ಬನ್ನಿ, ಹೋಗಿ ನೋಡೋಣ ಅಂತ.

ಇಡೀ ಗ್ರಾಮಸಭೆ ಬಸ್ ಸ್ಟ್ಯಾಂಡಿಗೆ ನಡೆಯಿತು. ಚಾಮರಾಜನಗರದ ಬಸ್ಸಿನಲ್ಲಿ ಕೂತಿದ್ದವರು ಯಾವ ಮೆರವಣಿಗೆಯೋ ಎಂದು ಕಿಟಕಿಯಿಂದ ಬಗ್ಗಿ ನೋಡಿದರು. ಬಾಗಿಲ ಮುಂದೆ ನಿಂತ ಮೇಲೆ ಬೀಗದ ಕೈ ಹುಡುಕಾಟ. ತಲೈವರು ಗುಮಾಸ್ತನ ಕಡೆ, ಗುಮಾಸ್ತ ಅದನ್ನು ಕಟ್ಟಿದ ಕಂಟ್ರಾಕ್ಟರನ ಕಡೆ ಬೆರಳು ತೋರಿಸಿದರು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಅಧಿಕಾರಿ ಅತ್ತೆಯ ಕಡೆ ನೋಡಿ ತಲೆಯಾಡಿಸಿದರು. ಭಾಷೆ ಬೇಕಾಗಲಿಲ್ಲ. ಅತ್ತೆ ಹೊಂಗೆಮರದ ಬುಡದಿಂದ ದಪ್ಪ ಕಲ್ಲೊಂದನ್ನು ಎತ್ತಿ ತಂದು ಕುಟ್ಟತೊಡಗಿದರು. ತುಕ್ಕು ಹಿಡಿದ ಬೀಗ ಕಿತ್ತು ಬಂದು ಕಾಲ ಬಳಿ ಬಿತ್ತು. ಹೆಂಗಸರು ಹಾಕಿದ ಕೇಕೆಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು.

ಒಳಗೆ, ಬೀಗ ಹಾಕುವ ಮುಂಚೆಯೇ ಪಂಚಾಯಿತಿಯವರು ತುರುಕಿದ್ದ ಬ್ಲೀಚಿಂಗ್ ಪೌಡರ್ ಮೂಟೆ, ಕೆಟ್ಟ ಬಲ್ಬುಗಳು, ಹಳೆಯ ಬ್ಯಾನರು. ಅವನ್ನೆಲ್ಲ ಆಚೆ ಹಾಕಿ ಗುಡಿಸಿದೆವು. ನೀರಿನ ಪೈಪು ರಸ್ತೆಯ ಆಚೆ ಬದಿಗೇ ನಿಂತಿತ್ತು. “ಇವತ್ತೇ ಆಗುತ್ತಾ?” ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದ್ದಕ್ಕೆ ನೀರಗಂಟಿ, “ಅಗಿಯಕ್ ಆಳ್ ಕೊಡಿ, ಇವತ್ತೇ ಬುಡ್ತೀನಿ” ಎಂದ. ಆಗ ನೋಡಬೇಕಿತ್ತು! ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ಗಂಡಸರು ಗುದ್ದಲಿ, ಹಾರೆ ತಂದರು. ನನ್ನ ಗಂಡನೂ ಪಂಚೆ ಎತ್ತಿಕಟ್ಟಿ ಇಳಿದ. ತಲೈವರು ನಾಚಿಕೆಗೋ ಹುಮ್ಮಸ್ಸಿಗೋ, ಮೊದಲ ಏಟನ್ನು ತಾವೇ ಹಾಕಿದರು. ರಸ್ತೆ ಸೀಳಿ, ಪೈಪು ಕೂರಿಸಿ, ನೀರಗಂಟಿ ತಿರುವಿದಾಗ ನಲ್ಲಿ ಮೊದಲು ಕೆಮ್ಮಿತು. ಕೆಂಪು ನೀರು ಬಂತು, ಆಮೇಲೆ ತಿಳಿನೀರು.

ಅತ್ತೆ ಅಧಿಕಾರಿಯ ಕೈ ಹಿಡಿದು, “ನೀವೇ ಮೊದ್ಲು ಓಗಿ ತಾಯಿ, ಘಟ್ಟ ಇಳಿಯದು ಬಾಕಿ ಅದ” ಎಂದರು. ಆಕೆ ನಕ್ಕು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಆಚೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಂಥ ಕೆಲಸಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಸ ಬೀಗ ತಂದರು. ಅದರ ಕೈ ನನ್ನ ಅಂಗಡಿಯ ಮೊಳೆಗೆ ನೇತುಬಿದ್ದಿತು. ಬೆಳಿಗ್ಗೆ ತೆರೆಯುವುದು, ಬಸ್ಸುಗಳು ಮುಗಿದ ಮೇಲೆ ಮುಚ್ಚುವುದು ನನ್ನ ಕೆಲಸ. ತೊಳೆಯಲು ಪಂಚಾಯಿತಿಯಿಂದ ಒಬ್ಬಾಕೆ ಬರುತ್ತಾಳೆ. ಬಾರದ ದಿನ ಫೋನ್ ಮಾಡಿ ಜಗಳವಾಡುತ್ತೇನೆ, ಮಾರನೆಯ ದಿನ ಇಬ್ಬರೂ ಕೂತು ಎಲೆಅಡಿಕೆ ಹಾಕುತ್ತೇವೆ.

ಹೋದ ತಿಂಗಳು ಕಾಡಂಚಿನ ಊರೊಂದರಿಂದ ಕೆಲವು ಹೆಂಗಸರು ಅಂಗಡಿಗೆ ಬಂದರು. ಅವರ ಬೀದಿಗೆ ದೀಪವಿಲ್ಲವಂತೆ, ಆನೆ ಬಂದರೂ ಕಾಣುವುದಿಲ್ಲವಂತೆ. ಸಭೆಯಲ್ಲಿ ಮಾತಾಡಲು ಅತ್ತೆಯನ್ನು ಕಳಿಸಿಕೊಡಿ ಎಂದರು. ಅತ್ತೆ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದರು. ಸಂಜೆ ಬಂದವರನ್ನು ಏನಾಯಿತೆಂದು ಕೇಳಿದೆ.

“ನಾನೇನೂ ಮಾತಾಡ್ಲಿಲ್ಲ ಕಣವ್ವ,” ಎಂದರು ಚಪ್ಪಲಿ ಬಿಡುತ್ತ. “ನೀವೇ ಕೇಳ್ರವ್ವ ಅಂದೆ, ಅವ್ರೇ ಎದ್ದು ಕೇಳುದ್ರು. ದೀಪದ ಕಂಬ ನಿಲ್ಲುಸ್ತಾರಂತೆ, ಆಗ್ಲೇ ಗುಂಡಿ ತೋಡ್ತಾವ್ರೆ.”